ಅಕ್ಕ ಕ್ಷಮೆ ಕೇಳಿದ ಕಾಗದ

ಜೂನ್ 9

ಅಕ್ಕಾ,

ಮೊನ್ನೆ ಫೋನ್ ಅರ್ಧಕ್ಕೇ ಇಟ್ಟೆ ಎಂದು ಮುಖ ಊದಿಸಿಕೊಂಡಿರಬೇಡ. ಹೊಲಿಗೆ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರು, ನಾನು ಅವರ ಕೋಟಿನ ಜಿಪ್ ಬಿಚ್ಚಿ ಕೂತಿದ್ದೆ. ಅಲ್ಲದೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಜಗಳ. ಕಾಗದವೇ ವಾಸಿ. ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಸುದ್ದಿ ಏನೆಂದರೆ, ನಮ್ಮ ಮೆಣಸು ಓಟದಲ್ಲಿ ಎರಡನೆಯವಳಾಗಿ ಬಂದಳು. ಊರಿನ ಎಲ್ಲ ಶಾಲೆಗಳೂ ಸೇರಿ ನಡೆಸಿದ ಸ್ಪರ್ಧೆ. ಹೋದ ವರ್ಷ ಬಸ್ಸು ಹಿಡಿಯಲೂ ಓಡದ ಹುಡುಗಿ! ಎಲ್ಲ ಹೊಸ ಕೋಚ್ ಬಂದ ಮೇಲಿನ ಪವಾಡ. ಮನುಷ್ಯ ಎಷ್ಟು ಒಳ್ಳೆಯವರೆಂದರೆ ಅವಳ ಹಳೇ ಬೂಟು ನೋಡಿ ಮರುದಿನವೇ ಹೊಸದು ತಂದುಕೊಟ್ಟರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಮೈದಾನ ದೂರ ಎಂದು ಬೆಳಿಗ್ಗೆ ಕಾರಿನಲ್ಲಿ ತಾವೇ ಕರೆದುಕೊಂಡು ಹೋಗುತ್ತಾರೆ. ನನಗೆ "ಅಕ್ಕಾ" ಎನ್ನುತ್ತಾರೆ. ಅಂಗಡಿಯ ಷಟರ್ ಸಿಕ್ಕಿಹಾಕಿಕೊಂಡಾಗ ತೋಳು ಮಡಚಿ ಎಣ್ಣೆ ಬಿಟ್ಟು ಸರಿಮಾಡಿದ್ದೂ ಅವರೇ. ನಮ್ಮ ಯಜಮಾನರು ಹಡಗಿನ ಕೆಲಸದಿಂದ ರಜಕ್ಕೆ ಬಂದಾಗಲೆಲ್ಲ ಆ ಷಟರನ್ನು ನೋಡಿ ತಲೆಯಾಡಿಸಿ ಮತ್ತೆ ಹಡಗು ಹತ್ತುತ್ತಿದ್ದರು.

ಮಗಳು ಮಾತ್ರ ಸ್ವಲ್ಪ ಬದಲಾಗಿದ್ದಾಳೆ. ಇನ್ನು ತನ್ನನ್ನು ಮೆಣಸು ಎಂದು ಕರೆಯಬಾರದಂತೆ, ಕೋಚ್ ಅದನ್ನು ಕೇಳಿ ನಕ್ಕರಂತೆ. ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಹದಿನಾಲ್ಕು ತುಂಬಿತಲ್ಲ, ಕೊಂಬು ಮೂಡುತ್ತಿದೆ.

ಇದನ್ನೆಲ್ಲ ಓದಿ ನಿನ್ನ ಹುಬ್ಬು ಗಂಟಿಕ್ಕುತ್ತದೆ ಎಂದು ಗೊತ್ತು. ಮಕ್ಕಳ ಕೋರ್ಟಿನಲ್ಲಿ ಸರ್ಕಾರಿ ವಕೀಲೆಯಾಗಿ ದಿನಾ ಕೆಟ್ಟವರನ್ನೇ ನೋಡಿ ನೋಡಿ ನಿನಗೆ ಹಾಲು ಹಾಕುವವನ ಮೇಲೂ ಅನುಮಾನ. ನಮ್ಮ ಸಂತೋಷಕ್ಕೆ ಒಂದು ಸಲ ಸುಮ್ಮನೆ ನಗು.

ನಿನ್ನ ತಂಗಿ

ಜೂನ್ 17

ಸಣ್ಣೀ,

ಮೆಣಸು ಓಡಿದ್ದು ಕೇಳಿ ನಿಜಕ್ಕೂ ನಕ್ಕೆ. ನಗು ಮುಗಿದ ಮೇಲೆ ನಿನ್ನ ಕಾಗದವನ್ನು ಮತ್ತೆ ಓದಿದೆ.

ಕೆಲವು ವಿಷಯ ಕೇಳುತ್ತೇನೆ, ಸಿಟ್ಟಾಗದೆ ಉತ್ತರ ಬರೆ. ಬೆಳಿಗ್ಗೆ ಆ ಕಾರಿನಲ್ಲಿ ಬೇರೆ ಮಕ್ಕಳು ಇರುತ್ತಾರೋ, ಇವಳೊಬ್ಬಳೋ? ಬೂಟು ಎಲ್ಲರಿಗೂ ಕೊಟ್ಟನೋ, ಇವಳಿಗೆ ಮಾತ್ರವೋ? ನಿನಗೆ ಗೊತ್ತಿಲ್ಲದ ಫೋನ್ ಏನಾದರೂ ಇವಳ ಹತ್ತಿರ ಇದೆಯೋ? "ಇದು ನಮ್ಮಿಬ್ಬರ ನಡುವೆ ಇರಲಿ" ಎಂದು ಅವನು ಯಾವತ್ತಾದರೂ ಹೇಳಿದ್ದಾನೋ? "ನಿಮ್ಮಮ್ಮನಿಗೆ ನಿನ್ನ ಬೆಲೆ ಗೊತ್ತಿಲ್ಲ" ಎಂದಿದ್ದಾನೋ? ಇವಳ ಫೋಟೋ ಕೇಳುತ್ತಾನೋ?

ಅವನನ್ನು ನಾನು ಕಂಡಿಲ್ಲ, ಆದ್ದರಿಂದ ಏನೂ ಅನ್ನುವುದಿಲ್ಲ. ಆದರೆ ನನ್ನ ಮುಂದೆ ಬರುವ ಕೇಸುಗಳಲ್ಲಿ ಮಗುವನ್ನು ಒಲಿಸಿಕೊಳ್ಳುವ ಮೊದಲು ಅವರು ಒಲಿಸಿಕೊಳ್ಳುವುದು ಮನೆಯವರನ್ನು. ನಿನಗೆ ಅಕ್ಕಾ ಎನ್ನಲು ನಾನು ನಿನಗೊಬ್ಬ ತಮ್ಮನನ್ನು ಹುಡುಕಿಕೊಟ್ಟಿರಲಿಲ್ಲ.

ಸದ್ಯಕ್ಕೆ ಬೆಳಿಗ್ಗೆ ನೀನೇ ಅವಳ ಜೊತೆ ಮೈದಾನಕ್ಕೆ ಹೋಗು. ಅಂಗಡಿ ಒಂದು ಗಂಟೆ ತಡವಾಗಿ ತೆರೆದರೆ ಯಾರ ಪ್ಯಾಂಟೂ ಉದುರುವುದಿಲ್ಲ.

ಅಕ್ಕ

ಜೂನ್ 25

ಅಕ್ಕಾ,

ನಿನ್ನ ಕಾಗದ ಬಂದಾಗ ಕೋಚ್ ಅಂಗಡಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಓದಿ ನನಗೆ ಎಷ್ಟು ನಾಚಿಕೆಯಾಯಿತೆಂದರೆ, "ನೋಡಿ ಸಾರ್, ನಮ್ಮಕ್ಕ ನಿಮ್ಮನ್ನ ಜೈಲಿಗೆ ಕಳಿಸೋ ಹಾಗಿದಾಳೆ" ಎಂದು ಜೋರಾಗಿಯೇ ಓದಿ ಹೇಳಿಬಿಟ್ಟೆ. ಒಂದು ಪ್ರಶ್ನೆಯನ್ನೂ ಬಿಡಲಿಲ್ಲ.

ಅವರು ಸಿಟ್ಟಾದರೇ? ಇಲ್ಲ. ನಕ್ಕರು. "ಅವರು ಕೇಳೋದರಲ್ಲಿ ತಪ್ಪೇನಿದೆ ಅಕ್ಕಾ, ಕಾಲ ಹಾಗಿದೆ. ಇನ್ನೊಂದ್ ಸಲ ಓದಿ, ನಾನೂ ತಿಳ್ಕೋತೀನಿ" ಎಂದರು. ತಪ್ಪಿರುವ ಮನುಷ್ಯ ಹೀಗೆ ಮಾತಾಡುತ್ತಾನೆಯೇ ಹೇಳು. ಕಾರಿನಲ್ಲಿ ಇವಳೊಬ್ಬಳೇ ಇರುವುದು ನಿಜ. ಈ ದಾರಿಯಲ್ಲಿ ಬೇರೆ ಯಾರ ಮನೆಯೂ ಇಲ್ಲ. ಬೂಟು ಇವಳಿಗೆ ಮಾತ್ರ. ಬೇರೆಯವರ ಬೂಟು ಹರಿದಿರಲಿಲ್ಲ. ಮುಗಿಯಿತೇ ವಿಚಾರಣೆ?

ನಿನಗೆ ಮಕ್ಕಳಿಲ್ಲದ್ದಕ್ಕೆ ಊರ ಮಕ್ಕಳೆಲ್ಲ ನಿನ್ನ ಕೇಸುಗಳ ಹಾಗೆ ಕಾಣುತ್ತಾರೆ. ಬರೆಯಬಾರದಿತ್ತು, ಬರೆದೆ. ಹೊಡೆದುಹಾಕುವುದಿಲ್ಲ.

ತಂಗಿ

ಜುಲೈ 8

ಅಕ್ಕಾ,

ಹೇಳದೆ ಕೇಳದೆ ಬಂದೆ, ಒಂದು ರಾತ್ರಿ ಇದ್ದೆ, ಹೋದೆ. ನಾನು ಅಂಗಡಿಗೆ ಹೋದಾಗ ನನ್ನ ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಬಾಗಿಲು ಹಾಕಿ ತನಿಖೆ ಮಾಡಿದೆ. ನಾನು ಬಂದು ನೋಡಿದರೆ ಇಬ್ಬರೂ ಎದುರುಬದುರು ಕೂತಿದ್ದಿರಿ, ಒಲೆಯ ಮೇಲಿನ ಹಾಲು ಉಕ್ಕಿ ಸೀದುಹೋಗಿತ್ತು.

ಅವಳು ಏನು ಹೇಳಿದಳು? ಇಲ್ಲ ಎಂದಳು. ಎಲ್ಲಕ್ಕೂ ಇಲ್ಲ. ನನಗೆ ಆಮೇಲೆ ಅವಳೇ ಹೇಳಿದಳು. ಆದರೂ ನೀನು ಹೋಗುವಾಗ ನನ್ನ ಮುಖ ನೋಡಲಿಲ್ಲ, "ಸರಿ" ಎಂದೂ ಅನ್ನಲಿಲ್ಲ. ಅವಳು ಹೌದು ಎಂದಿದ್ದರೆ ನಿನಗೆ ಸಮಾಧಾನವಾಗುತ್ತಿತ್ತೇ?

ಆವತ್ತಿನಿಂದ ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ. ನಿನ್ನಿಂದಲೇ ಇದು. ಕೋಚ್‌ಗೂ ವಿಷಯ ಗೊತ್ತಾಗಿ ಬೇಜಾರು ಮಾಡಿಕೊಂಡರು. "ನಾನು ಬೇಕಾದ್ರೆ ಬಿಟ್ಟುಬಿಡ್ತೀನಿ ಅಕ್ಕಾ" ಎನ್ನುತ್ತಿದ್ದಾರೆ. ಅವರು ಬಿಟ್ಟರೆ ಮಗಳ ಓಟ ಮುಗಿದಂತೆಯೇ. ನೀನು ಕ್ಷಮೆ ಕೇಳಬೇಕು. ನನ್ನದಲ್ಲ, ಅವಳದು ಮತ್ತು ಅವರದು.

ತಂಗಿ

ಜುಲೈ 15

ಪ್ರೀತಿಯ ತಂಗಿಗೆ,

ನೀನು ಬರೆದದ್ದು ಸರಿ. ನನ್ನಿಂದ ತಪ್ಪಾಯಿತು. ಕೆಲಸದ ಒತ್ತಡದಲ್ಲಿ ಒಳ್ಳೆಯವರನ್ನೂ ಅನುಮಾನದಿಂದ ನೋಡಿದೆ. ಹುಡುಗಿಯೇ ಇಲ್ಲ ಎಂದ ಮೇಲೆ ನನಗೆ ಯಾವ ಸಂಶಯವೂ ಉಳಿದಿಲ್ಲ. ಕೋಚ್ ಅವರಿಗೆ ನನ್ನ ಕ್ಷಮೆ ತಿಳಿಸು. ಅಭ್ಯಾಸ ಮೊದಲಿನಂತೆ ನಡೆಯಲಿ. ಇನ್ನು ಈ ವಿಷಯದಲ್ಲಿ ನಾನು ಮೂಗು ತೂರಿಸುವುದಿಲ್ಲ.

ನಿನ್ನ ಪ್ರೀತಿಯ ಅಕ್ಕ

ಜುಲೈ 22

ಅಕ್ಕಾ,

ಫೋನಿನಲ್ಲಿ ನಾನು ಬರೀ ಅತ್ತೆ, ನೀನು "ಹೊರಟೆ" ಎಂದೆ. ಎರಡು ದಿನ ನೀನು ಇಲ್ಲಿದ್ದಾಗಲೂ ಪೊಲೀಸು, ಡಾಕ್ಟರು ಎಂದು ಓಡಾಟವೇ ಆಯಿತು. ಹೇಗಾಯಿತು ಎಂದು ಈಗ ಬರೆಯುತ್ತೇನೆ. ಬರೆದರೆ ನನಗೂ ತಲೆ ನಿಲ್ಲುತ್ತದೆ.

ನಿನ್ನ ಕ್ಷಮೆಯ ಕಾಗದವನ್ನು ಎರಡು ಸಲ ಓದಿದೆ. ನನ್ನ ಮದುವೆಯ ದಿನ ನನ್ನ ಸೀರೆಗೆ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟವಳು ನೀನು. ಆಗಲೂ ಬಟ್ಟೆಯೇ ಕಳಪೆ ಎಂದೆಯೇ ಹೊರತು ತಪ್ಪಾಯಿತು ಎನ್ನಲಿಲ್ಲ. ಹುಟ್ಟಿದಾಗಿನಿಂದ ಯಾರ ಹತ್ತಿರವೂ ಕ್ಷಮೆ ಕೇಳದ ನೀನು ಒಂದೇ ಹಾಳೆಯಲ್ಲಿ ಇಬ್ಬರ ಹತ್ತಿರ ಕೇಳಿದ್ದೀ. ಅದರ ಮೇಲೆ "ಪ್ರೀತಿಯ" ಬೇರೆ, ಎರಡು ಸಲ. ಅಕ್ಕನಿಗೆ ಏನೋ ಗೊತ್ತಾಗಿದೆ, ನನಗೆ ಹೇಳಲಾಗದ್ದು ಏನೋ ಇದೆ ಎನಿಸಿತು. ಅವತ್ತು ಆತ ಬಂದು, "ಏನಕ್ಕಾ, ಲಾಯರಮ್ಮ ಏನಾದ್ರೂ ಬರೆದ್ರಾ?" ಎಂದು ಕೇಳಿದ. ಇಲ್ಲ ಎಂದೆ. ಯಾಕೆ ಹಾಗಂದೆ ಎಂದು ನನಗೇ ಗೊತ್ತಿಲ್ಲ. ಆತ ನನ್ನ ಮೇಜಿನ ಮೇಲಿದ್ದ ಲಕೋಟೆಗಳ ಮೇಲೆ ಕಣ್ಣಾಡಿಸಿದ. ಷಟರಿಗೆ ಎಣ್ಣೆ ಬಿಟ್ಟ ದಿನವೂ ಹೀಗೇ ಎಲ್ಲ ಕಡೆ ನೋಡಿದ್ದ ಅಲ್ಲವೇ ಎಂದು ಆಗ ಹೊಳೆಯಿತು.

ಮರುದಿನ ಅಭ್ಯಾಸಕ್ಕೆ ಕಳಿಸಲಿಲ್ಲ. ಶಾಲೆಯೊಂದರ ಸಮವಸ್ತ್ರಗಳ ರಾಶಿ ಬಂದಿದೆ, ಅಂಚು ಬಿಚ್ಚಿಕೊಡಲು ಬಾ ಎಂದು ಅಂಗಡಿಗೆ ಕರೆದುಕೊಂಡು ಹೋದೆ. ಏನೂ ಕೇಳಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ. ಇಬ್ಬರೂ ದಾರ ಬಿಚ್ಚುತ್ತಾ ಕೂತೆವು. ಮಧ್ಯಾಹ್ನದ ಹೊತ್ತಿಗೆ ಅವಳು ತಲೆಯೆತ್ತದೆ, "ಅಮ್ಮಾ, ಅವರ ಹತ್ರ ನನ್ನ ಫೋಟೋಗಳಿವೆ" ಎಂದಳು.

ಆಮೇಲಿನದು ನಿನಗೆ ಗೊತ್ತು. ಅವನು ಕೊಟ್ಟಿದ್ದ ಫೋನು, ರಾತ್ರಿಯ ಮೆಸೇಜುಗಳು, ಮಾತು ಕೇಳದಿದ್ದರೆ ಫೋಟೋಗಳನ್ನು ಅಪ್ಪನಿಗೆ ಕಳಿಸುತ್ತೇನೆ ಎಂದದ್ದು, ಕಾರಿನಲ್ಲಿ ಆದದ್ದು. ಅದನ್ನು ಇಲ್ಲಿ ಬರೆಯಲಾರೆ. ಕತ್ತರಿ ಕೈಯಲ್ಲಿತ್ತು ಅಕ್ಕಾ. ಅವನು ಎದುರಿಗೆ ಇರಲಿಲ್ಲ, ಅಷ್ಟೇ.

ಅವನಿಗೆ ಚಹಾ ಮಾಡಿಕೊಟ್ಟ ಕೈ ಇದು. ನೋಡಿದರೆ ಹೇಸಿಗೆಯಾಗುತ್ತದೆ.

ಸಣ್ಣಿ

ಜುಲೈ 29

ಸಣ್ಣೀ,

ಮೊದಲು ಇದನ್ನು ಓದು: ಹೇಸಿಗೆ ಪಡಬೇಕಾದವನು ಅವನು. ನಿನ್ನ ಒಳ್ಳೆಯತನವನ್ನು ಅವನು ಉಪಯೋಗಿಸಿಕೊಂಡ.

ಆ ಕ್ಷಮೆಯ ಕಾಗದ ನಿನಗೆ ಬರೆದದ್ದಲ್ಲ, ಅವನ ಕಿವಿಗೆ ಬರೆದದ್ದು. ಹಿಂದಿನದನ್ನು ಓದಿ ಹೇಳಿದವಳು ಇದನ್ನೂ ಓದಿ ಹೇಳುತ್ತೀ, ಅವನು ಮೈಮರೆಯುತ್ತಾನೆ, ಸಾಕ್ಷ್ಯ ಅಳಿಸುವ ಆತುರ ಬಿಡುತ್ತಾನೆ, ಅಷ್ಟರಲ್ಲಿ ಪೊಲೀಸರನ್ನು ಕಳಿಸಬಹುದು ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕದಲ್ಲಿ ಹುಡುಗಿ ಇನ್ನೂ ಕೆಲವು ದಿನ ಆ ಕಾರು ಹತ್ತಬೇಕಿತ್ತು. ನೀನು ಓದಿ ಹೇಳದೆ ಇದ್ದದ್ದೇ ಅವಳನ್ನು ಉಳಿಸಿತು.

ಈಗ ಕಷ್ಟದ ಮಾತು. ಈ ಕೇಸನ್ನು ನಾನು ನಡೆಸುವ ಹಾಗಿಲ್ಲ, ಬೇರೆ ವಕೀಲರು ನಡೆಸುತ್ತಾರೆ. ಅವನ ಫೋನಿನಲ್ಲಿ ಏನೂ ಸಿಕ್ಕಿಲ್ಲ, ಎಲ್ಲ ಅಳಿಸಿದ್ದಾನೆ, ಅವಳ ಫೋನಿನ ಮೆಸೇಜುಗಳನ್ನೂ ಅವಳ ಕೈಲೇ ದಿನಾ ಅಳಿಸಿಸಿದ್ದಾನೆ. ಅವಳಿಗೆ ಕೊಟ್ಟ ಫೋನು ಓಟದ ಸಮಯ ಅಳೆಯಲು ಕೊಟ್ಟದ್ದು ಎನ್ನುತ್ತಿದ್ದಾನೆ. ಹಾಗಾಗಿ ಕೇಸು ನಿಲ್ಲುವುದು ಹುಡುಗಿಯ ಮಾತಿನ ಮೇಲೆ. ಅವಳು ನನ್ನೆದುರು ಎಲ್ಲಕ್ಕೂ ಇಲ್ಲ ಎಂದದ್ದನ್ನು ನಾನು ತನಿಖಾಧಿಕಾರಿಗೆ ಹೇಳಲೇಬೇಕು.

ಆ ದಿನ ಅವಳ ಉತ್ತರಗಳು ನನ್ನ ಪ್ರಶ್ನೆ ಮುಗಿಯುವ ಮೊದಲೇ ಬರುತ್ತಿದ್ದವು. ಅದಕ್ಕೇ ನಾನು ನಿನ್ನ ಮುಖ ನೋಡದೆ ಹೋದದ್ದು. ಯಾಕೆ ಹಾಗಾಯಿತು ಎಂದು ಊಹೆ ಇದೆ, ಆದರೆ ನೀನಾಗಲಿ ನಾನಾಗಲಿ ಅವಳನ್ನು ಕೇಳಬಾರದು. ಕೋರ್ಟಿಗೆ ಬರುವ ಮೊದಲು ಮಗುವನ್ನು ಮನೆಯವರು ಪ್ರಶ್ನೆ ಮಾಡಬಾರದು ಎಂದು ಊರಿಗೆಲ್ಲ ಹೇಳುವವಳು ನಾನು, ನನ್ನ ತಂಗಿಯ ಅಡುಗೆಮನೆಯಲ್ಲಿ ಅದನ್ನೇ ಮಾಡಿದೆ.

ಅಕ್ಕ

ಆಗಸ್ಟ್ 6

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಹಾಳೆ ಹರಿಯುತ್ತಿತ್ತು.

ಆ ಅಡುಗೆಮನೆಯಲ್ಲಿ ಇದ್ದದ್ದು ನೀವಿಬ್ಬರೇ. ಅವಳು ಹೇಳುವುದಿಲ್ಲ, ನಾನು ಹೇಳುವುದಿಲ್ಲ. ನೀನು ಬಾಯಿಗೆ ಬೀಗ ಹಾಕಿಕೊಂಡರೆ ಆ "ಇಲ್ಲ" ಅಲ್ಲೇ ಸತ್ತುಹೋಗುತ್ತದೆ. ಅದು ಬಿಟ್ಟು ನೀನೇ ಅದನ್ನು ತೆಗೆದುಕೊಂಡು ಹೋಗಿ ಅವನ ವಕೀಲರ ಕೈಗೆ ಕೊಡುತ್ತೀ! ಸ್ವಂತ ದೊಡ್ಡಮ್ಮನಿಗೆ ಏನೂ ಆಗಿಲ್ಲ ಎಂದವಳು ಈಗ ಕಥೆ ಕಟ್ಟುತ್ತಿದ್ದಾಳೆ ಎಂದು ಅವರು ತುಂಬಿದ ಕೋರ್ಟಿನಲ್ಲಿ ಹೇಳಲಿ ಎಂದೇ?

ನೀನು ಜಡ್ಜ್ ಆಗುವವರ ಪಟ್ಟಿಯಲ್ಲಿ ಇದ್ದೀಯಂತೆ. ನನಗೆ ಹೇಳಲಿಲ್ಲ, ಇರಲಿ. ನಿನ್ನ ಹೆಸರಿಗೆ ಮಸಿ ಹತ್ತಬಾರದು ಎಂದು ನನ್ನ ಮಗಳನ್ನು ಸುಳ್ಳುಬುರುಕಿ ಮಾಡುತ್ತಿದ್ದೀಯಾ? ನೀನು ಯಾರ ಕಡೆ? ನೇರವಾಗಿ ಹೇಳು.

ಸಣ್ಣಿ

ಆಗಸ್ಟ್ 13

ಸಣ್ಣೀ,

ಪಟ್ಟಿಯ ವಿಷಯ ನಾನು ಯಾರಿಗೂ ಹೇಳಿಲ್ಲ. ನಿನಗೆ ಹೇಳಿದವರು ಯಾರು? ಅವನ ಕಡೆಯವರು ಅಂಗಡಿಗೆ ಬರುತ್ತಿದ್ದಾರೆ. ಹರಿಯದ ಬಟ್ಟೆ ತಂದು ಹೊಲಿಸುವ ನೆಪದಲ್ಲಿ ಅವನ ತಾಯಿಯೋ ಅತ್ತಿಗೆಯೋ ನಿನ್ನೆದುರು ಕೂತು ಕಣ್ಣೀರಿಡುತ್ತಿದ್ದಾರೆ, ನಿಮ್ಮಕ್ಕನಿಗೆ ತನ್ನ ಕುರ್ಚಿಯದೇ ಚಿಂತೆ ಎನ್ನುತ್ತಿದ್ದಾರೆ. ನಾನು ತಪ್ಪಾಗಿದ್ದರೆ ಬಯ್ಯು. ಸರಿಯಾಗಿದ್ದರೆ ಇವತ್ತೇ ಪೊಲೀಸರಿಗೆ ತಿಳಿಸು. ನಮ್ಮಿಬ್ಬರನ್ನು ಒಡೆದರೆ ಅವನ ಅರ್ಧ ಕೆಲಸ ಮುಗಿದ ಹಾಗೆ.

ನಾನು ನಿನ್ನೆ ಹೇಳಿಕೆ ಕೊಟ್ಟೆ. ಎಲ್ಲ ಹೇಳಿದೆ. ಹೇಳುವ ಮೊದಲು ನಿನ್ನ ಕಾಗದವನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಮುಚ್ಚಿಡಬೇಕೆಂದು ನನಗೂ ಆಸೆಯಾಯಿತು. ಆದರೆ ನಾಳೆ ಅವನ ವಕೀಲರು ಅವಳನ್ನು "ಈ ವಿಷಯ ಮೊದಲು ಯಾರಾದರೂ ಕೇಳಿದ್ದರಾ?" ಎಂದು ಕೇಳುತ್ತಾರೆ. ಆಗ ಅವಳು ನಮಗೋಸ್ಕರ ಸುಳ್ಳು ಹೇಳಬೇಕು. ಒಬ್ಬ ದೊಡ್ಡವನು ಅವಳ ಕೈಲಿ ಗುಟ್ಟು ಕಾಯಿಸಿದ್ದು ಸಾಲದೇ? ನಾವೂ ಒಂದು ಗುಟ್ಟು ಕೊಟ್ಟು ಕಾಯಿ ಎನ್ನಬೇಕೇ?

ನಾನು ಯಾರ ಕಡೆ ಎಂದು ಕೇಳಿದ್ದೀ. ಓದಿ ನೋವಾಯಿತು.

ಇನ್ನು ನಾವಿಬ್ಬರೂ ಸಾಕ್ಷಿಗಳು. ಕೇಸು ಮುಗಿಯುವವರೆಗೆ ನಮ್ಮ ನಡುವೆ ಕಾಗದ, ಫೋನು ಎರಡೂ ಬೇಡ. ಮಾತಾಡಿಕೊಂಡು ಬಂದವರು ಎಂದು ಅನ್ನಿಸಿಕೊಳ್ಳಬಾರದು.

ಅಕ್ಕ

ಏಪ್ರಿಲ್ 18

ಅಕ್ಕಾ,

ತೀರ್ಪು ನಿನ್ನೆ ಬಂತು. ಶಿಕ್ಷೆಯಾಯಿತು. ನಿನಗೆ ನನಗಿಂತ ಮೊದಲೇ ಗೊತ್ತಾಗಿರುತ್ತದೆ, ಆದರೂ ನನ್ನ ಕೈಯಿಂದ ಬರೆಯಬೇಕು ಎನಿಸಿತು.

ನೀನು ಬರೆಯಬೇಡ ಎಂದಾಗ ನಮ್ಮಿಂದ ಕೈತೊಳೆದುಕೊಂಡೆ ಎಂದೇ ನಂಬಿದ್ದೆ. ಅವನ ಅತ್ತಿಗೆ ಅಂಗಡಿಗೆ ಬರುತ್ತಿದ್ದದ್ದು ನಿಜ. ನಿನಗೆ ಹೇಗೆ ಗೊತ್ತಾಯಿತು, ಯಾರನ್ನಾದರೂ ಕಾವಲು ಇಟ್ಟಿದ್ದೀಯಾ ಎಂದು ಅದಕ್ಕೂ ಅನುಮಾನಪಟ್ಟೆ. ಚಳಿಗಾಲವಿಡೀ ನನಗೆ ಅದೇ ಕೆಲಸ. ಹೊಸ ಗಿರಾಕಿ ಬಂದರೆ ಬಟ್ಟೆಗಿಂತ ಮೊದಲು ಮುಖ ನೋಡುತ್ತಿದ್ದೆ. ಹಡಗಿನಿಂದ ಇವರು ಓಡಿಬಂದರು. ಇವರು ಮಗಳ ತಲೆ ನೇವರಿಸಿದರೂ ನನ್ನ ಕಣ್ಣು ಅತ್ತ ತಿರುಗುತ್ತಿತ್ತು. ಇಂಥ ಹೆಂಗಸಾದೆ.

ನೀನು ಸಾಕ್ಷಿ ಹೇಳಿದ್ದನ್ನು ಆ ದಿನ ಕೇಳಿದೆ. ನನ್ನ ಸಾಕ್ಷಿ ಮುಗಿದಿದ್ದರಿಂದ ಒಳಗೆ ಬಿಟ್ಟಿದ್ದರು. ಅವನ ವಕೀಲರು, ನಿನ್ನ ಹೇಳಿಕೆಯ ನಂತರ ಪೊಲೀಸರು ನನ್ನಿಂದ ಒಯ್ದಿದ್ದ ಕ್ಷಮೆಯ ಕಾಗದವನ್ನು ಎತ್ತಿ ಹಿಡಿದು, "ಇದರಲ್ಲಿ ಬರೆದಿದ್ದೆಲ್ಲ ಸುಳ್ಳಾ ಮೇಡಂ? ಹಾಗಾದ್ರೆ ಸುಳ್ಳು ಬರೆಯೋದು ನಿಮಗೆ ಅಭ್ಯಾಸಾನಾ?" ಎಂದಾಗ ನೀನು "ಆ ಕಾಗದ ಸುಳ್ಳು" ಎಂದೆ. ಅಷ್ಟೇ. ಬಟ್ಟೆ ಕಳಪೆ ಎನ್ನಲಿಲ್ಲ. ಕಟಕಟೆ ಇಳಿದು ಹೋಗುವಾಗ ನಿನ್ನ ಹಿಂದೆ ಓಡಿಬರಬೇಕು ಎನಿಸಿತು. ನೀನು ಹಾಕಿದ ನಿಯಮ ನೆನಪಾಗಿ ಕೂತೆ.

ನೀನು ನೋಡದೆ ಇರುವುದು ಮರುದಿನದ್ದು. ಅದನ್ನು ಬರೆಯಲೆಂದೇ ಈ ಕಾಗದ.

ಅವಳಿಗೆ ಬೇರೆ ಸಣ್ಣ ಕೋಣೆ ಇತ್ತು. ನಡುವೆ ಪರದೆ, ಅವನ ಮುಖ ಕಾಣುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತಿದ್ದೆ, ಅವಳ ಕಡೆ ನೋಡಬಾರದು, ಕೈ ಹಿಡಿಯಬಾರದು ಎಂದಿದ್ದರು. ಅವಳು ಪ್ರತಿ ಮಾತಿಗೂ ತಡವರಿಸಿದಳು. ನೀರು ಕುಡಿದಳು. ಒಂದು ದಿನಾಂಕ ತಪ್ಪು ಹೇಳಿ ತಿದ್ದಿಕೊಂಡಳು. ಮುಗಿಯಿತು ನಮ್ಮ ಕೇಸು ಎಂದುಕೊಂಡೆ. ಆಮೇಲೆ ಅವನ ವಕೀಲರು ಎದ್ದರು. ದನಿ ಎತ್ತಲಿಲ್ಲ, ಜೇನಿನಂಥ ಮಾತು. "ನಿಮ್ಮ ದೊಡ್ಡಮ್ಮ ಇದನ್ನೆಲ್ಲ ಕೇಳಿದ್ರು ಅಲ್ವಾ ಪುಟ್ಟಾ? ಎಲ್ಲದಕ್ಕೂ ಇಲ್ಲ ಅಂದೆ. ಹಾಗಾದ್ರೆ ಸುಳ್ಳು ಯಾವುದು, ಅವತ್ತಿನದಾ, ಇವತ್ತಿನದಾ?"

"ಅವತ್ತಿನದು."

"ಯಾಕೆ ಸುಳ್ಳು ಹೇಳಿದೆ?"

ಅವಳು ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಹೇಳಿದಳು. ನಾನು ನಿನ್ನ ಕಾಗದ ಓದಿ ಹೇಳಿದ ಮರುದಿನದಿಂದ ಅವನು ಕಾರಿನಲ್ಲಿ ನಿನ್ನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಿದ್ದನಂತೆ. ಇವಳು ಇಲ್ಲ ಎನ್ನಬೇಕು. ಎಡವಿದರೆ ಮತ್ತೆ ಮೊದಲಿಂದ. ಓಟದ ಅಭ್ಯಾಸದ ಹಾಗೆ, ದಿನಾ ಬೆಳಿಗ್ಗೆ.

ಅಕ್ಕಾ, ನಾನು ನಕ್ಕು ಓದಿದ್ದ ಪ್ರಶ್ನೆಗಳು.

ವಕೀಲರು ಬಿಡಲಿಲ್ಲ. "ಇದನ್ನ ಪೊಲೀಸರಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಈಗ ಕಟ್ಟಿ ಹೇಳ್ತಿದೀಯಾ?"

"ಹೇಳಿದ್ರೆ ಅಮ್ಮನಿಗೆ ಗೊತ್ತಾಗ್ತಿತ್ತು" ಎಂದಳು. "ಕಾಗದ ಓದಿದ್ದು ಅಮ್ಮ. ಅಮ್ಮ ಅಳ್ತಾಳೆ ಅಂತ ಹೇಳಲಿಲ್ಲ."

ಒಂಬತ್ತು ತಿಂಗಳು ಒಂದೇ ಮನೆಯಲ್ಲಿ ನನ್ನೆದುರು ಊಟ ಮಾಡುತ್ತಾ, ನನ್ನನ್ನು ಕಾಪಾಡಲು ಇದನ್ನು ಒಬ್ಬಳೇ ಹೊತ್ತಿದ್ದಾಳೆ. ನಾನೋ, ಅವಳನ್ನು ಕಾವಲು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ.

ವಕೀಲರು ಕೊನೆಗೆ, "ಹೇಳಿಕೊಟ್ಟ ಮಾತು ಹೇಳೋದು ನಿನಗೆ ಚೆನ್ನಾಗಿ ಬರುತ್ತೆ ಅಂತ ನೀನೇ ಒಪ್ಪಿದೆ. ಇವತ್ತಿನದು ಯಾರು ಹೇಳಿಕೊಟ್ಟಿದ್ದು?" ಎಂದರು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕಾದರು. ಆಮೇಲೆ ಅವಳು ಹೇಳಿದಳು:

"ಹೇಳಿಕೊಟ್ಟಿದ್ದು ಅವತ್ತು ಒಂದೂ ತಪ್ಪಲಿಲ್ಲ ಸಾರ್. ದೊಡ್ಡಮ್ಮನನ್ನ ಕೇಳಿ. ಇವತ್ತಿನದು ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಇಷ್ಟು ತೊದಲ್ತಾ ಇದೀನಿ."

ವಕೀಲರು ಕೂತರು.

ಬೆಳಿಗ್ಗೆಯಿಂದ ಮಗಳು ಮಲಗಿದ್ದಾಳೆ. ನಾನು ಬಾಗಿಲಲ್ಲಿ ನಿಂತು ನೋಡಿ ಬಂದೆ. ಎಬ್ಬಿಸಲಿಲ್ಲ.

ನಿನ್ನ ಸಣ್ಣಿ